ಇಂಡೆಂಟ್ ಯಾವ ಸೆಮಿಸ್ಟರಲ್ಲಿ?

ವೈದ್ಯರಿಗೆ ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಕೋರ್ಸು. ಪಠ್ಯ ರೂಪಿಸಲು ಬೆಂಗಳೂರಿನಲ್ಲಿ ಸಭೆ. ಗೋಡಂಬಿ ಬಂದಿದೆ, ಅಜೆಂಡಾ ಬಂದಿಲ್ಲ.

ಅಧ್ಯಕ್ಷರು: ಮೊದಲ ಸೆಮಿಸ್ಟರು ‘ನಾಯಕತ್ವ’, ಎರಡನೆಯದು ‘ದೂರದೃಷ್ಟಿ’. ಹೇಗಿದೆ ಡಾಕ್ಟ್ರೇ?

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು: ಚೆನ್ನಾಗಿದೆ ಸರ್. ಔಷಧಿಗೆ ಇಂಡೆಂಟ್ ಹಾಕೋದು ಯಾವ ಸೆಮಿಸ್ಟರಲ್ಲಿ?

ಅಧ್ಯಕ್ಷರು: ಅದು ಫಾರ್ಮಸಿಸ್ಟ್ ಕೆಲಸ ಅಲ್ವೇನ್ರೀ?

ಡಾಕ್ಟರು: ಆ ಹುದ್ದೆ ಖಾಲಿ ಸರ್, ನಾನೇ ಹಾಕೋದು. ಮೊನ್ನೆ ರಾತ್ರಿ ಕರೆಂಟ್ ಹೋಯ್ತು. ಲಸಿಕೆ 2ರಿಂದ 8 ಡಿಗ್ರಿ ಒಳಗಿರಬೇಕು. ಜನರೇಟರ್ ಇದೆ, ಡೀಸೆಲ್ ಇಲ್ಲ. ಡೀಸೆಲ್‌ಗೆ ದುಡ್ಡಿದೆ, ಸಹಿ ಇಲ್ಲ. ಸಹಿ ಆಗ್ಬೇಕಂದ್ರೆ ಆರೋಗ್ಯ ರಕ್ಷಾ ಸಮಿತಿ ಸೇರ್ಬೇಕು. ಅದಕ್ಕೆ ಕೋರಂ ಇಲ್ಲ.

ಅಧ್ಯಕ್ಷರು: ಭಲೇ! ಒಳ್ಳೇ ಕೇಸ್ ಸ್ಟಡಿ. ಬರ್ಕೊಳ್ರೀ.

ಡಾಕ್ಟರು: ಉತ್ತರ ಏನಂತ ಬರೀತೀರಿ?

ಅಧ್ಯಕ್ಷರು: ಕೇಸ್ ಸ್ಟಡಿಗೆ ಉತ್ತರ ಇರಲ್ಲ ಕಣ್ರೀ, ಚರ್ಚೆ ಇರುತ್ತೆ.

(ವೈದ್ಯರಿಗೆ ಮೂರು ತಿಂಗಳು ಸಾಮಾಜಿಕ ವೈದ್ಯಶಾಸ್ತ್ರ ಕಲಿಸಿ ಎಂದು ದೇಶದ ಆರೋಗ್ಯ ಸೇವೆ ಕುರಿತ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಆ ವರದಿಗೂ ಚರ್ಚೆಯ ಭಾಗ್ಯ ಧಾರಾಳವಾಗಿ ಸಿಕ್ಕಿದೆ.)

ಅಧ್ಯಕ್ಷರು: ನೀವೇ ಮೊದಲನೇ ವಿದ್ಯಾರ್ಥಿ. ಎರಡು ವರ್ಷ ಇಲ್ಲೇ ಇರಿ.

ಡಾಕ್ಟರು: ಅಲ್ಲಿ 30,000 ಜನಕ್ಕೆ ನಾನೊಬ್ಬನೇ ಸರ್. ಅವರನ್ನ ನೋಡೋರ್ಯಾರು?

ಅಧ್ಯಕ್ಷರು: ಅದೇ ನಿಮ್ಮ ಪ್ರಾಜೆಕ್ಟು! ಗೋಡಂಬಿ ತಗೊಳ್ಳಿ.