ದಂಡಿನೊಳಗೆ ಸಿವಿಲಿಯನ್ ಸಾಹೇಬ: ಬೀದರ್ ಮಾದರಿಯ ಶಾಸ್ತ್ರೀಯ ವಿವೇಚನೆ

ಸೈನ್ಯದೊಳಗೆ ಹಿರಿಯ ಸಿವಿಲಿಯನ್ನರನ್ನು ಬೆಳೆಸುವುದು ಹೇಗೆ, ಕೂರಿಸುವುದು ಎಲ್ಲಿ ಎಂದು ವಿದ್ವಾಂಸರು ಈಗಲೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಬೀದರಿನಲ್ಲಿ ಈ ಪ್ರಯೋಗ 1453ರಲ್ಲೇ ಶುರುವಾಗಿ, 1481ರಲ್ಲಿ ಫಲಿತಾಂಶವೂ ಬಂದಿದೆ.

ಅಭ್ಯರ್ಥಿ: ಮಹಮೂದ್ ಗವಾನ್. ಹುಟ್ಟುನಾಡು ಇರಾನಿನ ಗಿಲಾನ್, ಕಸುಬು ವ್ಯಾಪಾರ, ಬೀದರಿಗೆ ಬಂದಾಗ ನಲವತ್ತು ದಾಟಿತ್ತು. (ಈಗಾಗಿದ್ದರೆ ವಯೋಮಿತಿ ಮೀರಿದೆಯೆಂದು ಅರ್ಜಿ ವಾಪಸ್.) ಬಹಮನಿ ಸುಲ್ತಾನರು ತರಬೇತಿ ಗಿರಬೇತಿ ಎನ್ನದೆ ಸವಾರರನ್ನು ಕೊಟ್ಟು ದಂಗೆ ಅಡಗಿಸಲು ಅಟ್ಟಿದರು. ಗೆದ್ದು ಬಂದ. ಬೀದರಿನ ವಾಯುನೆಲೆಯಲ್ಲಿ ಇಂದು ಪೈಲಟ್‌ಗಳಿಗೆ ತರಬೇತಿಯುಂಟು, ವಜೀರರಿಗೆ ಇನ್ನೂ ಇಲ್ಲ. 'ವರ್ತಕರ ಒಡೆಯ' ಎಂಬ ಬಿರುದಿನ ಗವಾನ್ ವಜೀರನಾಗಿ 1472ರಲ್ಲಿ ಗೋವೆಯನ್ನೂ ಗೆದ್ದ.

ಇಲ್ಲಿಗೆ ವಿಕಾಸಾಧ್ಯಾಯ ಮುಗಿಯಿತು. ತಂಟೆ ಇರುವುದು ಆಡಳಿತಾಧ್ಯಾಯದಲ್ಲಿ. ಗವಾನ್ ನಾಲ್ಕು ಪ್ರಾಂತಗಳನ್ನು ಒಡೆದು ಎಂಟು ಮಾಡಿದ. ಪ್ರಾಂತ ಆಳುವ ತರಫದಾರನಿಗೆ ಒಂದೇ ಕೋಟೆ, ಮಿಕ್ಕವಕ್ಕೆ ಕಿಲ್ಲೇದಾರರು ಬೀದರಿನಿಂದಲೇ ಬರಬೇಕು. ಎಷ್ಟು ಜನರ ಹೆಸರಲ್ಲಿ ಪಗಾರ ಎತ್ತಿದ್ದಾರೋ ಅಷ್ಟು ಜನರನ್ನು ತೋರಿಸಬೇಕು, ಕಡಿಮೆ ಬಿದ್ದರೆ ದುಡ್ಡು ಕಡಿತ. ಪ್ರಮೇಯ: ಸಿವಿಲಿಯನ್ ಯುದ್ಧ ಗೆದ್ದರೆ ಸರದಾರ ಸಹಿಸಿಯಾನು, ಹಾಜರಿ ಪುಸ್ತಕ ಕೇಳಿದರೆ ಸಹಿಸಲಾರ.

ವಿರೋಧಿಗಳು ಕತ್ತಿ ಹಿರಿಯಲಿಲ್ಲ. ಮೊಹರು ಕಾಯುವವನಿಗೆ ಲಂಚ ಕೊಟ್ಟು ಖಾಲಿ ಹಾಳೆಗೆ ಗವಾನನ ಮೊಹರು ಒತ್ತಿಸಿಕೊಂಡರು. ಮೇಲೆ, ಒರಿಸ್ಸಾದ ಗಜಪತಿಗೆ 'ದಂಡೆತ್ತಿ ಬಾ' ಎಂಬ ಓಲೆ ಬರೆದರು. ಗವಾನನೋ ಪತ್ರ ಬರೆಯುವ ಕಲೆಯ ಮೇಲೆ 'ಮನಾಜಿರುಲ್ ಇನ್‌ಷಾ' ಎಂಬ ಗ್ರಂಥವನ್ನೇ ರಚಿಸಿದವನು. ಶೈಲಿ ನೋಡಿದ್ದರೆ ಸಾಕಿತ್ತು, ಆದರೆ ಸುಲ್ತಾನ ಮೂರನೇ ಮುಹಮ್ಮದ್ ಷಾ ಕುಡಿದಿದ್ದ. 1481ರ ಏಪ್ರಿಲ್ 5ರಂದು ಶಿರಚ್ಛೇದ, ಲೆಕ್ಕ ತಪಾಸಣೆ ಆಮೇಲೆ. ಸ್ವಂತದ್ದೆಂದು ಹೆಚ್ಚೇನೂ ಸಿಗಲಿಲ್ಲ. ಭಾಲ್ಕಿಗೆ ಕಡ್ಡಾಯ ರಜೆ ಮೇಲೆ ಕಳಿಸುವುದು, ಇಲ್ಲವೇ ಈಗಿನ ರಾಜ್ಯದ ಉತ್ತರದ ತುದಿ ಔರಾದಿಗೆ ಎತ್ತಂಗಡಿ ಮಾಡುವುದು, ಇಂಥ ಮಾನವೀಯ ಪದ್ಧತಿಗಳು ಆಗ ಇರಲಿಲ್ಲ.

ಕ್ಷೇತ್ರಕಾರ್ಯದ ವೇಳೆ ಗವಾನ್ ಚೌಕದ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು, "ಎಲ್ಲಾ ಖರೇ ಅದ ಸಾಹೇಬ್ರ, ಖರೆ ಸಿಕ್ಕಾ ಇನ್ನೊಬ್ರ ಕೈಯಾಗ ಕೊಡಬಾರದಿತ್ತು" ಎಂದರು. ಈ ಹೇಳಿಕೆಗೆ ಅಡಿಟಿಪ್ಪಣಿ ಇಲ್ಲವಾದ್ದರಿಂದ ಕೈಬಿಡಲಾಗಿದೆ.

ಪ್ರಯೋಗ ಎರಡನೇ ಬಾರಿಯೂ ನಡೆಯಿತು, ಈ ಸಲ ತಿರುವುಮುರುವಾಗಿ. ಗವಾನ್ ಕಟ್ಟಿಸಿದ ಮೂರಂತಸ್ತಿನ ಮದರಸಾದಲ್ಲಿ ಔರಂಗಜೇಬನ ಕಾಲಕ್ಕೆ ಪುಸ್ತಕಗಳ ಜಾಗದಲ್ಲಿ ಸಿಡಿಮದ್ದು ಬಂತು. ಅದು ಸಿಡಿದು ಒಂದು ಮಿನಾರು ಉರುಳಿತು, ಒಂದು ಉಳಿಯಿತು. ಇದನ್ನು ಶೇಕಡಾ 50ರ ಯಶಸ್ಸೆಂದು ದಾಖಲಿಸುವ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.