30×40ರ ನಿವೇಶನದಲ್ಲಿ ಲಂಬಸಾಂದ್ರೀಕರಣ: ಒಂದು ಬಹುಶಿಸ್ತೀಯ ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ವಸತಿಸಾಂದ್ರತೆಯ ಸಂಕಥನವನ್ನು ಮಹಡ್ಯುತ್ತರ ಮೀಮಾಂಸೆಯ ನೆಲೆಗಟ್ಟಿನಲ್ಲಿ ಮರುಓದಿಗೆ ಒಳಪಡಿಸುತ್ತದೆ. ವಿಚಾರ ಸಂಕಿರಣದಲ್ಲಿ ‘ಸಾಂದ್ರತೆ’ ಎಂದು ಉಚ್ಚರಿಸುವವರಿಗೆಲ್ಲ ಸ್ವಂತ ಮನೆಯಿರುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಪ್ರಮೇಯ. ಅದಕ್ಕೆ ಸಾಧನೆ ಬೇಕಿಲ್ಲ, ಹೊರಗೆ ನಿಂತ ಕಾರುಗಳನ್ನು ನೋಡಿದರೆ ಸಾಕು.

ಸಾಂದ್ರತಾಚಿಂತಕರಲ್ಲಿ ಐದು ಪಂಥಗಳು.

ಒಂದು, ಪಾರಂಪರಿಕ ಛಾಯಾವಾದಿಗಳು. ಆವಾಸಸ್ಥಾನ: ಮಲ್ಲೇಶ್ವರ, ಬಸವನಗುಡಿ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಬಂದು ನೆಲೆಸಿ ಬೆಳೆದ ಬಡಾವಣೆಗಳಿವು. ಈಗ ಹೊಸಬರು ಬಂದು ನೆಲೆಸುವುದೇ ಪ್ಲೇಗು ಎಂಬುದು ಪಂಥದ ನಿಲುವು. ಅಪಾರ್ಟ್‌ಮೆಂಟ್ ಬೇಡ, ಮರ ಉಳಿಸಿ ಎಂದು ಸಹಿ ಸಂಗ್ರಹಿಸುವುದು, ಸಂಜೆ ಹಿತ್ತಲ ತೆಂಗು ಕಡಿಸಿ ಬಾಡಿಗೆಗೆ ಔಟ್‌ಹೌಸ್ ಎಬ್ಬಿಸುವುದು ಇವರ ಸಾಧನಾಮಾರ್ಗ.

ಎರಡು, ಪ್ರೀಮಿಯಂ ಎಫ್‌ಎಆರ್ ಅದ್ವೈತಿಗಳು. ಎಫ್‌ಎಆರ್ ಎಂದರೆ ಸೈಟಿನ ಅಳತೆಗೆ ಎಷ್ಟು ಕಟ್ಟಬಹುದೆಂಬ ಅನುಪಾತ. ಮಿತಿ ಮೀರಿದ ಮಹಡಿ ಮಿಥ್ಯೆ. ಶುಲ್ಕ ಕಟ್ಟಿದೊಡನೆ ಅದೇ ಸತ್ಯ. ರಸ್ತೆ ಅಗಲವಾಗಿಲ್ಲ, ಕಾವೇರಿ ಪೈಪು ದಪ್ಪವಾಗಿಲ್ಲ, ಚರಂಡಿ ಹಾಗೇ ಇದೆ. ಆದರೂ ರಸೀದಿ ಹರಿದುಕೊಟ್ಟ ಗಳಿಗೆಯಲ್ಲೇ ಆಕಾಶಕ್ಕೆ ಇನ್ನೆರಡು ಮಹಡಿ ಹೊರುವ ತ್ರಾಣ ಬರುತ್ತದೆ.

ಮೂರು, ವಿಳಂಬ ತಾಂತ್ರಿಕರು. 2015ಕ್ಕೆಂದು ಬರೆದ ನಗರ ಮಹಾಯೋಜನೆಯನ್ನೇ ಇನ್ನೂ ಪಠಿಸುತ್ತಿದ್ದಾರೆ. 2031ರದೆಂಬ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಅಕ್ರಮ ಮನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟಿನ ತಡೆ ಬಿತ್ತು. ಹೀಗಾಗಿ ಲೆಕ್ಕವಿಲ್ಲದಷ್ಟು ಮನೆಗಳು ಅಕ್ರಮವೂ ಅಲ್ಲದ, ಸಕ್ರಮವೂ ಅಲ್ಲದ ಅನಿರ್ವಚನೀಯ ಸ್ಥಿತಿಯಲ್ಲಿ ಕರೆಂಟು ಬಿಲ್ಲು ಕಟ್ಟಿಕೊಂಡಿವೆ.

ನಾಲ್ಕು... ಇರಲಿ ಬಿಡಿ. ನಾಲ್ಕು, ಐದು ಎಂದರೆ ಒಂದನೆಯವರ ಅಳಿಯಂದಿರೇ.

ಸಾಂದ್ರತೆ ಬೇಕೋ ಬೇಡವೋ ಎಂದು ಇವರು ಜಿಜ್ಞಾಸೆಯಲ್ಲಿರುವಾಗಲೇ ಅದು ಬಂದು ಹಾಸಿಗೆ ಹಾಸಿಯಾಗಿದೆ. ಮಾರತಹಳ್ಳಿ ಕಡೆ ಹೋಗಿ ನೋಡಿ. 30×40 ಅಡಿಯ ಸೈಟಿನಲ್ಲಿ ಐದು ಮಹಡಿ, ನೆತ್ತಿಯ ಮೇಲೊಂದು ಶೀಟಿನ ರೂಮು. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಇರುವುದು ಪ್ಲ್ಯಾನಿನ ಕಾಗದದಲ್ಲಿ ಮಾತ್ರ. ಕಿಟಕಿ ತೆಗೆದರೆ ಪಕ್ಕದ ಪಿಜಿಯವನು ಒಣಹಾಕಿದ ಟವೆಲು ನಿಮ್ಮ ಸ್ಟವ್ ಮೇಲೆ ತೊಟ್ಟಿಕ್ಕುತ್ತದೆ. ಮೂರು ಮಂಚದ ರೂಮಿನಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟು. ಮನೆಗಾದರೆ 10 ತಿಂಗಳ ಅಡ್ವಾನ್ಸು; ಬಿಡುವಾಗ ಒಂದು ತಿಂಗಳದ್ದು ಪೇಂಟಿಂಗಿಗೆಂದು ಮುರಿದುಕೊಳ್ಳುತ್ತಾರೆ. ಅಡ್ವಾನ್ಸಿಗೂ ಮೊದಲು ಕೇಳುವುದು ಹೆಸರು, ಆಮೇಲೆ ಜಾತಿ, ಆಮೇಲೆ ‘ನಾನ್‌ವೆಜ್ಜಾ?’ ಬಾಗಿಲು ಹಾಕಿಸಿಕೊಂಡು ಬಿಸಿಲಲ್ಲಿ ನಿಂತವನನ್ನು ಯಾವ ಅನುಪಾತದಲ್ಲಿ ಅಳೆಯುತ್ತೀರಿ, ಸ್ವಾಮಿ?

2024ರ ಅಕ್ಟೋಬರಿನ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಅನಧಿಕೃತ ಕಟ್ಟಡ ಕುಸಿದು 9 ಜನ ಸತ್ತರು. ಮಹಡಿ ರಾತ್ರೋರಾತ್ರಿ ಏಳುವ ಅಣಬೆಯಲ್ಲ. ಸೆಂಟ್ರಿಂಗ್ ಹೊಡೆಯಬೇಕು, ಕಾಂಕ್ರೀಟ್ ಹಾಕಬೇಕು, ದಿನಗಟ್ಟಲೆ ನೀರುಣಿಸಬೇಕು, ಬೀದಿಗೆಲ್ಲ ಕಾಣುತ್ತದೆ. ಕಾಣಬೇಕಾದವರಿಗೆ ಮಾತ್ರ ಕಾಣುವುದಿಲ್ಲ.

ಮೆಟ್ರೊ ಸ್ಟೇಷನ್ ಪಕ್ಕ, ಅಗಲವಾದ ರಸ್ತೆಯಲ್ಲಿ, ನೀರಿನ ಲೆಕ್ಕ ಹಾಕಿ, ಕಾನೂನಿನ ಪ್ರಕಾರವೇ ಎತ್ತರಕ್ಕೆ ಕಟ್ಟಿ, ಡ್ರೈವರಿಗೂ ನರ್ಸಿಗೂ ಎಟುಕುವ ಬಾಡಿಗೆಯ ಮನೆ ಅದರಲ್ಲಿರಲಿ ಎಂದು ಹೇಳಿ ನೋಡಿ. ಮೂರೂ ಪಂಥಗಳು ಮೊದಲ ಸಲ ಒಮ್ಮತಕ್ಕೆ ಬರುತ್ತವೆ: ಈ ಬಗ್ಗೆ ಇನ್ನೂ ವ್ಯಾಪಕ ಚರ್ಚೆಯಾಗಬೇಕು. ಆಗಲಿ. ಅಷ್ಟರಲ್ಲಿ ಪಿಜಿಯವರು ನಾಲ್ಕನೆಯ ಮಂಚ ಹಾಕಿರುತ್ತಾರೆ.