ರಂಧ್ರಮೀಮಾಂಸೆ

ಮನೆಗೆ ವೈಫೈ ಹಾಕಿಸುವ ಮಂಗಳೂರಿನ ಗೃಹಸ್ಥರು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಹಲವು. ರೂಟರ್ ಎಲ್ಲಿಡಬೇಕು, 2.4 ಗಿಗಾಹರ್ಟ್ಸೋ 5 ಗಿಗಾಹರ್ಟ್ಸೋ, ಚಾನೆಲ್ ಯಾವುದು, ಗುಡುಗು ಬಂದರೆ ಪ್ಲಗ್ ಎಳೆಯಬೇಕೇ? ಪೂರ್ವಾಚಾರ್ಯರು ಇವಕ್ಕೆ ಬೇರೆ ಬೇರೆ ಉತ್ತರ ಕೊಟ್ಟು ಶಾಸ್ತ್ರವನ್ನು ಕಗ್ಗಂಟು ಮಾಡಿಟ್ಟಿದ್ದಾರೆ. ಪ್ರಶ್ನೆ ಒಂದೇ ಎಂಬುದು ನಮ್ಮ ಮತ. ಫೈಬರ್ ಎಳೆಯಲು ಬಂದ ಹುಡುಗ ಗೋಡೆಯಲ್ಲಿ ಎಲ್ಲಿ ತೂತು ಕೊರೆದನೋ ಅದೇ ಆ ಮನೆಯ ವೈಫೈಯ ಜಾತಕ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂದು ತಾರ್ಕಿಕರು ಹೇಳಿದ ಹಾಗೆಯೇ ಎಲ್ಲೆಲ್ಲಿ ತೂತೋ ಅಲ್ಲಲ್ಲಿ ರೂಟರ್. ತೂತಿನಿಂದ ಒಂದು ಮಾರು ಆಚೆ ಹೋದ ರೂಟರಿಗೆ ದೃಷ್ಟಾಂತ ಹುಡುಕುವುದು ಕಷ್ಟ. ತೂತಾದರೂ ಬೀಳುವುದೆಲ್ಲಿ? ಕಂಬ ಇರುವುದು ರಸ್ತೆಯಲ್ಲಿ, ರಸ್ತೆಗೆ ಮುಖ ಮಾಡಿದ್ದು ಹಾಲ್, ಹಾಲಿನಲ್ಲಿ ಟಿವಿ, ಟಿವಿಯ ಪಕ್ಕ ಖಾಲಿ ಪ್ಲಗ್. ಹುಡುಗನಿಗೆ ಇನ್ನೂ ಮೂರು ಮನೆ ಬಾಕಿ ಇದೆ.

ಇನ್ನು ಪ್ರಮಾಣಗಳು. ಊರಿನ ಗೋಡೆ ಕೆಂಪುಕಲ್ಲಿನದ್ದು, ತುಳುವರ ಮುರಕಲ್ಲು. ಮೈತುಂಬ ಸಣ್ಣ ಸಣ್ಣ ತೂತುಗಳಿರುವ ಈ ಕಲ್ಲು ಮಳೆಗಾಲವಿಡೀ ನೀರು ಕುಡಿಯುತ್ತದೆ, ನೀರು ರೇಡಿಯೋ ಅಲೆಯನ್ನು ಕುಡಿಯುತ್ತದೆ. 5 ಗಿಗಾಹರ್ಟ್ಸ್ ಅಲೆ ವೇಗದ್ದು ನಿಜ, ಆದರೆ ಒಂದು ಗೋಡೆ ದಾಟುವಷ್ಟರಲ್ಲೇ ಅದಕ್ಕೆ ಸುಸ್ತು; ಸುಮಾರು 12.5 ಸೆಂಟಿಮೀಟರ್ ಉದ್ದದ 2.4 ಗಿಗಾಹರ್ಟ್ಸ್ ಅಲೆ ಇನ್ನೂ ಒಂದೆರಡು ಗೋಡೆ ತಾಳಿಕೊಳ್ಳುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ನವರು ಮೇಲಿನ ದಾರಿಯನ್ನಾದರೂ ಬಿಟ್ಟುಕೊಟ್ಟಿದ್ದರು. ಈಗ ಆರ್‌ಸಿಸಿ ಟೆರೇಸು, ಅದರ ಮೇಲೆ ಬಟ್ಟೆ ಒಣಗಿಸಲೆಂದು ತಗಡಿನ ಶೀಟು. ತರ್ಕಶಾಸ್ತ್ರ ಲಕ್ಷಣಕ್ಕೆ ಮೂರು ದೋಷ ಹೇಳಿದೆ. ತೂತಿನ ಬದಿಯ ರೂಟರ್ ಮೂರನ್ನೂ ಒಂದೇ ಮನೆಯಲ್ಲಿ ಸಾಧಿಸಿ ತೋರಿಸುತ್ತದೆ. ಅಡುಗೆಮನೆಗೆ ಸಿಗ್ನಲ್ ತಲುಪದಿರುವುದು ಅವ್ಯಾಪ್ತಿ. ರಸ್ತೆಯಾಚೆಯ ರಿಕ್ಷಾ ಪಾರ್ಕಿನಲ್ಲಿ ಪೂರ್ತಿ ಗೀಟು ತೋರಿಸುವುದು ಅತಿವ್ಯಾಪ್ತಿ. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಕಪಾಟಿನ ಮರೆಗೆ ಕೂತು ಆನ್‌ಲೈನ್ ಪರೀಕ್ಷೆ ಬರೆಯುವುದು ಅಸಂಭವ.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ವಿದ್ಯುತ್ತಿನ ಸಾಮಾನೆಲ್ಲ ಆಗ್ನೇಯಕ್ಕಿರಲಿ, ತೂತಿನ ಮಾತೇಕೆ ಎನ್ನುತ್ತಾರೆ ವಾಸ್ತುವಾದಿಗಳು. ಆಗ್ನೇಯದಲ್ಲಿ ಅಡುಗೆಮನೆ, ಅಲ್ಲಿ ಮೈಕ್ರೋವೇವ್ ಒಲೆ; ಆ ಒಲೆ ನಡೆಯುವುದು 2.45 ಗಿಗಾಹರ್ಟ್ಸಿನಲ್ಲಿ. ಅಗ್ನಿ ಅಲ್ಲಿದ್ದಾನೆ ಎಂಬುದನ್ನು ನಾವೂ ಒಪ್ಪುತ್ತೇವೆ, ರೂಟರನ್ನು ಅವನ ಪಕ್ಕ ಕೂರಿಸುವುದನ್ನಲ್ಲ. ಕದ್ರಿ, ಬಿಜೈ ಕಡೆಯ ಫ್ಲ್ಯಾಟುವಾದಿಗಳು ಹೇಳುವುದು, ತಮ್ಮಲ್ಲಿ ಯಾರೂ ಗೋಡೆ ಕೊರೆಯುವುದಿಲ್ಲ, ಬಿಲ್ಡರೇ ಪೈಪು ಬಿಟ್ಟಿದ್ದಾರೆ ಎಂದು. ಇದರಿಂದ ನಮ್ಮ ಸಿದ್ಧಾಂತ ಬೀಳುವುದಿಲ್ಲ, ಮಹಡಿ ಮಹಡಿಗೂ ಬೇರೂರುತ್ತದೆ. ಬಿಲ್ಡರ್ ಬಿಟ್ಟದ್ದೂ ತೂತೇ, ಅದೂ ಎಲ್ಲ ಮಹಡಿಗಳಲ್ಲಿ ಒಂದೇ ಜಾಗದಲ್ಲಿ. ಹೀಗಾಗಿ ರೂಟರಿನ ತಲೆಯ ಮೇಲೆ ರೂಟರ್. 2005ರಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಬಿಡಿಸಿತು. ಆದರೆ ಅಲ್ಲಿ ಒಂದಕ್ಕೊಂದು ತಾಗದೆ ಕೂರಬಲ್ಲ ಚಾನೆಲ್ ಮೂರೇ: 1, 6 ಮತ್ತು 11. ಚಾನೆಲ್ಲಿನ ಪ್ರಶ್ನೆಯೂ ತೂತಿನಲ್ಲೇ ಹುಟ್ಟಿತೆಂದು ಇದರಿಂದ ಸಿದ್ಧ. ಮೂರನೆಯವರು ಎಕ್ಸ್‌ಟೆಂಡರ್ ಮತದವರು. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮರಳಿ ಹೇಳುವ ಅಗ್ಗದ ಎಕ್ಸ್‌ಟೆಂಡರ್ ವೇಗದಲ್ಲಿ ಸುಮಾರು ಅರ್ಧವನ್ನು ತಾನೇ ನುಂಗುತ್ತದೆ. ಅದನ್ನಿಡಬೇಕಾದದ್ದು ನಡುದಾರಿಯಲ್ಲಿ, ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿಟ್ಟರೆ ಇಲ್ಲದ್ದನ್ನು ಇಮ್ಮಡಿ ಮಾಡಿಕೊಡುತ್ತದೆ.

ಸಿಡಿಲಿನ ಪ್ರಶ್ನೆಗೆ ಬಂದರೆ, ಪ್ಲಗ್ ಎಳೆಯುವ ಊರಿನ ಆಚಾರಕ್ಕೆ ಶಾಸ್ತ್ರದ ಬಲವಿದೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಅಡಾಪ್ಟರ್ ಮೆಸ್ಕಾಂ ತಂತಿಯ ಸಂಬಂಧಿ. ತೊಂದರೆಯೆಂದರೆ ತೂತಿನ ಕೃಪೆಯಿಂದ ರೂಟರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಮೂರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಬಿದ್ದಿರುತ್ತವೆ. ಒಂದು ಗುಡುಗಿಗೆ ಅಮ್ಮನ ಧಾರಾವಾಹಿಯೂ ಮಗನ ಆಫೀಸೂ ಒಟ್ಟಿಗೆ ಮುಳುಗುತ್ತವೆ. ಕೊನೆಯ ಆಕ್ಷೇಪ ಗಂಭೀರವಾದದ್ದು: ತೂತು ಎಲ್ಲಿದ್ದರೇನು, ಅಲ್ಲಿಂದ ಮನೆಯ ನಡುವಿನವರೆಗೆ ಲ್ಯಾನ್ ಕೇಬಲ್ ಎಳೆದರಾಯಿತಲ್ಲ? ಆಗುತ್ತದೆ. ಕೇಬಲಿಗೆ 100 ಮೀಟರಿನ ಅವಕಾಶವಿದೆ, ಅಷ್ಟು ಉದ್ದದ ಮನೆ ಈ ಪೇಟೆಯಲ್ಲಿ ಯಾರು ಕಟ್ಟಿಸಿದ್ದಾರೆ? ಆದರೆ ಆ ಕೇಬಲ್ ಹೊಸ ಪೇಂಟಿನ ಗೋಡೆಯ ಮೇಲೆ ಹೋಗಬೇಕು, ಬಾಗಿಲ ಚೌಕಟ್ಟಿನ ಬದಿ ಇನ್ನೊಂದು ತೂತು ಬೀಳಬೇಕು, ಬಾಡಿಗೆ ಮನೆಯಾದರೆ ಅಡ್ವಾನ್ಸ್ ಹಣದ ಮೇಲೆ ಧನಿಗಳ ಕಣ್ಣು ಬೀಳುತ್ತದೆ. ಆದ್ದರಿಂದ ಮೊದಲ ತೂತಿಗೆ ಮೊದಲೇ ಪರಿಹಾರ ಮಾಡಿಕೊಳ್ಳುವುದು ಲೇಸು. ಫೈಬರಿನ ಹುಡುಗನಿಗೆ ಚಾ, ಗೋಳಿಬಜೆ ಕೊಡಬೇಕಾದದ್ದು ಅವನು ಡ್ರಿಲ್ಲನ್ನು ಚೀಲದಿಂದ ಹೊರಗೆ ತೆಗೆಯುವ ಮುನ್ನ. ಕೆಲಸ ಮುಗಿದ ಮೇಲೆ ಕೊಟ್ಟ ಚಾದಿಂದ ಹಾಲಿನ ಸಿಗ್ನಲ್ ಅಡುಗೆಮನೆಗೆ ಹೋದದ್ದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ.